ಕಂಪೌಂಡಿಗೆ ಸುತ್ತಳತೆ, ಟೈಲ್ಸಿಗೆ ವಿಸ್ತೀರ್ಣ

ಓದುಗರ ಪ್ರಶ್ನಿ, ಮಾಸ್ತರ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನನ್ನ ಮಗ ಐದನೇತ್ತ ಮಟ ಕನ್ನಡ ಸಾಲ್ಯಾಗ ಓದ್ಯಾನ, ಈ ವರ್ಷ ಆರನೇತ್ತಕ್ಕ ಇಂಗ್ಲಿಷ್ ಮೀಡಿಯಂಗೆ ಹಾಕೀವಿ. ಮೊದ್ಲು ಲೆಕ್ಕ ಚಲೋ ಮಾಡ್ತಿದ್ದ, ಈಗ ಪೆರಿಮೀಟರ್, ಏರಿಯಾ ಅಂದ್ರ ಸಾಕು ಮುಖ ಸಣ್ಣದು ಮಾಡ್ತಾನ, ಎರಡನ್ನೂ ಅದಲು ಬದಲು ಮಾಡಿ ಬರಿತಾನ. ನಾ ಓದಿದ್ದು ಏಳನೇತ್ತ, ಅದೂ ಕನ್ನಡದಾಗ. ಸುತ್ತಳತೆ, ವಿಸ್ತೀರ್ಣ ಅಂತ ನನಗ ನೆನಪದ. ಆದ್ರ ನೀ ಕನ್ನಡದಾಗ ಹೇಳಬ್ಯಾಡ, ಹುಡುಗಗ ಇನ್ನೂ ಗೊಂದಲ ಆಗ್ತದ ಅಂತ ಮನ್ಯಾಗ ಅಂತಾರ. ಹೇಳ್ಲೋ, ಸುಮ್ನಿರ್ಲೋ?
ಒಬ್ಬ ತಾಯಿ, ಸಿಂಧನೂರು

ಉತ್ತರ: ಸುಮ್ನಿರಬ್ಯಾಡ್ರಿ ತಾಯಿ, ಹೇಳ್ರಿ. ನಿಮ್ಮ ಮಗಗ ಆಗಿರೋ ಗೊಂದಲ ಇಂಗ್ಲಿಷಿಂದಲ್ಲ. ಮೂವತ್ತು ವರ್ಷದ ಮ್ಯಾಲ ಪ್ರೈಮರಿ ಸಾಲ್ಯಾಗ ಲೆಕ್ಕ ಹೇಳಿದಾವ ನಾನು, ಕನ್ನಡ ಮೀಡಿಯಂ ಹುಡುಗ್ರೂ ಇವೆರಡನ್ನ ಹಿಂಗ ಅದಲು ಬದಲು ಮಾಡ್ತಾರ, ಯಾಕಂದ್ರ ನಾವು ಅವ್ರ ಕೈಯಾಗ ಮೊದ್ಲು ಕೊಡೋದು ಸೂತ್ರ. ಉದ್ದ ಅಗಲ ಕೂಡ್ಸು, ಎರಡ್ರಿಂದ ಗುಣಿಸು, ಅದೊಂದು. ಉದ್ದ ಅಗಲ ಗುಣಿಸು, ಇದೊಂದು. ಎರಡರಾಗೂ ಅವೇ ಎರಡು ಅಂಕಿ, ಹಂಗಾಗಿ ಯಾವುದು ಯಾವುದಕ್ಕ ಅಂತ ಹುಡುಗ ಬರೇ ನೆನಪಿನ ಮ್ಯಾಲ ನಡೀಬೇಕು, ನೆನಪು ಪರೀಕ್ಷಿ ದಿನನ ಕೈ ಕೊಡ್ತೈತಿ.

ನಿಮ್ಮ ಓಣ್ಯಾಗ ಎಲ್ಲೆರ ಮನಿ ಕಟ್ಟೋದು ನಡದಿದ್ರ ಒಂದು ಸಂಜಿ ಅವನ್ನ ಕರಕೊಂಡು ಹೋಗ್ರಿ. ಅಲ್ಲಿ ಗೌಂಡಿಗೆ ಕೇಳ್ರಿ, ಕಂಪೌಂಡ್ ಕಟ್ಟಾಕ ಹೆಂಗ ತೊಗೋತೀರಿ ಅಂತ. ರನ್ನಿಂಗ್ ಫೂಟಿಗೆ ಇಷ್ಟು ಅಂತಾನ. ಟೈಲ್ಸ್ ಹಾಕಾಕ? ಸ್ಕ್ವೇರ್ ಫೂಟಿಗೆ ಇಷ್ಟು. ಜಲ್ಲಿ, ಮರಳು ಹೆಂಗ ತರಸ್ತೀರಿ ಅಂದ್ರ ಸಿಎಫ್‌ಟಿ ಲೆಕ್ಕ ಹೇಳ್ತಾನ, ಅಂದ್ರ ಘನ ಅಡಿ. ಒಂದ ಜಾಗ, ಒಂದ ಟೇಪು, ಆದ್ರ ಮೂರು ಬ್ಯಾರೆ ಬ್ಯಾರೆ ಅಳತಿ. ಗೋಡಿ ಗುಂಟ ನಡಕೋತ ಹೋಗೋದು ಉದ್ದ, ನೆಲ ಮುಚ್ಚೋದು ವಿಸ್ತೀರ್ಣ, ತೆಗ್ಗು ತುಂಬೋದು ಘನಫಲ. ಇದನ್ನ ಕಣ್ಣಿಲೆ ನೋಡಿದ ಹುಡುಗ ಮುಂದ ಕಂಪೌಂಡಿಗೆ ಸ್ಕ್ವೇರ್ ಫೂಟ್ ಅಂತ ಬರಿಯಂಗಿಲ್ಲ.

ಆಮ್ಯಾಲ ಮನಿಗೆ ಬಂದು ಒಂದು ಲೆಕ್ಕ ಕೊಡ್ರಿ. ಒಂದು ಸೈಟು 30-40, ಇನ್ನೊಂದು 20-60. ಎರಡೂ 1200 ಚದರ ಅಡಿನ, ಟೈಲ್ಸ್ ಎರಡಕ್ಕೂ ಅಷ್ಟ ಬೇಕು. ಕಂಪೌಂಡು? ಮೊದಲನೇದಕ್ಕ 140 ಅಡಿ ಸಾಕು, ಎರಡನೇದಕ್ಕ 160 ಅಡಿ. ಜಾಗ ಅಷ್ಟೇ ಇದ್ರೂ ಕಂಪೌಂಡಿನ ಖರ್ಚು ಹೆಚ್ಚು ಯಾಕ ಆತು ಅಂತ ಅವನ್ನ ಕೇಳ್ರಿ, ಉತ್ತರ ಹೇಳಿಕೊಡಬ್ಯಾಡ್ರಿ, ಒಂದು ದಿನ ತಲಿ ಕೆಡಸ್ಕೊಳ್ಳಿ. ನನ್ನ ಅನುಭವದಾಗ ಈ ಒಂದು ಲೆಕ್ಕ ಇಪ್ಪತ್ತು ಸಲ ಸೂತ್ರ ಬರಸೋದಕ್ಕಿಂತ ಹೆಚ್ಚು ಕೆಲಸ ಮಾಡೈತಿ.

ಇನ್ನ ಶಬ್ದದ ವಿಚಾರ. ಸುತ್ತಳತೆ ಅನ್ನೋದನ್ನ ಬಿಡಿಸಿದ್ರ ಸುತ್ತ ಮತ್ತ ಅಳತೆ. ಪೆರಿಮೀಟರ್ ಗ್ರೀಕ್ ಶಬ್ದ, ಪೆರಿ ಅಂದ್ರ ಸುತ್ತ, ಮೀಟರ್ ಅಂದ್ರ ಅಳತಿ. ನೋಡ್ರಿ, ನಿಮಗ ಗೊತ್ತಿದ್ದ ಶಬ್ದನೂ ಅವನ ಪುಸ್ತಕದ ಶಬ್ದನೂ ಹೇಳೋದು ಒಂದ! ನೀವು ಸುತ್ತಳತೆ ಅಂದ್ರ ಅವಂಗ ಗೊಂದಲ ಆಗೂದಿಲ್ಲ, ಪೆರಿಮೀಟರಿಗೆ ಅರ್ಥ ಸಿಗ್ತೈತಿ. ಟ್ರೈಆಂಗಲ್ ಅಂದ್ರ ಮೂರು ಕೋನ, ಅದ ತ್ರಿಕೋನ. ಐಸೋಸೆಲಿಸ್ ಅಂತ ಒಂದು ಬರ್ತೈತಿ, ಅದನ್ನ ನೋಡಿ ಹೆದರ್ತಾರ ಹುಡುಗ್ರು, ಅದಕ್ಕ ಗ್ರೀಕಿನಾಗ ಸಮ ಕಾಲಿಂದು ಅಂತ ಅರ್ಥ, ನಮ್ಮ ಸಮದ್ವಿಬಾಹು ಅಂದ್ರ ಎರಡು ತೋಳು ಸಮ ಇದ್ದದ್ದು. ಅವ್ರಿಗೆ ಕಾಲು ಕಂಡ್ತು, ನಮ್ಮವ್ರಿಗೆ ತೋಳು ಕಂಡ್ತು, ಆಕೃತಿ ಒಂದ. ಪುಸ್ತಕ ಎದುರಿಗಿಟ್ಕೊಂಡು ನೀವು ಕನ್ನಡದಾಗ ಹೇಳ್ರಿ, ಅವ ಇಂಗ್ಲಿಷ್‌ನಾಗ ಓದ್ಲಿ.

ಒಂದು ಎಚ್ಚರಿಕಿ. ಎರಡು ಅಡಿ ಚೌಕ ಬ್ಯಾರೆ, ಎರಡು ಚದರ ಅಡಿ ಬ್ಯಾರೆ. ಎರಡು ಅಡಿ ಚೌಕದ ಟೈಲ್ಸ್ ಒಂದಕ್ಕ ನಾಕು ಚದರ ಅಡಿ. ಹಂಗ ಒಂದು ಮೀಟರಿಗೆ 100 ಸೆಂಟಿಮೀಟರ್ ಆದ್ರೂ ಒಂದು ಚದರ ಮೀಟರಿಗೆ 10,000 ಚದರ ಸೆಂಟಿಮೀಟರ್, ಒಂದು ಸಾಲಿಗೆ ನೂರು ಚೌಕ, ಅಂಥ ನೂರು ಸಾಲು. ಇಲ್ಲಿ 100 ಅಂತ ಬರದು ಮಾರ್ಕ್ಸ್ ಕಳಕೊಳ್ಳದ ಹುಡುಗನ್ನ ನಾ ನೋಡಿದ್ದು ಕಡಿಮಿ.

ಪ್ರಶ್ನೆ: ಮಾಸ್ತರ, ನಮ್ಮ ಹೊಲ ಕುಷ್ಟಗಿ ಹತ್ರ, ಪಹಣಿ ಮ್ಯಾಲ 2-20 ಅಂತ ಐತಿ. ಏಳನೇತ್ತ ಓದೋ ನನ್ನ ಮಗ, ಅಪ್ಪಾ ಇದು ಎರಡು ಪಾಯಿಂಟ್ ಎರಡು ಎಕರೆ ಅಂತ ವಾದ ಹಾಕ್ತಾನ. ನಾ ಎರಡೂವರಿ ಅಂದ್ರ ಕೇಳಾಂಗಿಲ್ಲ. ನನ್ನ ಹೆಣ್ತಿ ತವರು ಸಿರುಗುಪ್ಪ ಕಡಿ, ಅಲ್ಲಿ ನಮ್ಮ ಮಾವ ಸೆಂಟ್ ಅಂತ ಬ್ಯಾರೆನ ಹೇಳ್ತಾರ. ಯಾರದು ಖರೆ?
ರೈತ, ಕುಷ್ಟಗಿ ತಾಲ್ಲೂಕು

ಉತ್ತರ: ಅಣ್ಣಾರ, ನಿಮ್ಮ ಹೊಲಕ್ಕ ನೀವು ಹೇಳಿದ್ದ ಖರೆ. ಎಕರೆಗೆ 40 ಗುಂಟೆ, 20 ಗುಂಟೆ ಅಂದ್ರ ಅರ್ಧ ಎಕರೆ, ಒಟ್ಟು ಎರಡೂವರಿ. ಪಹಣ್ಯಾಗ ನಡುವ ಇರೋ ಗೆರಿ ದಶಮಾಂಶದ ಚುಕ್ಕಿ ಅಲ್ಲ, ಎಕರೆ ಒಂದು ಕಡಿ, ಗುಂಟೆ ಒಂದು ಕಡಿ ಅಂತ ಬ್ಯಾರೆ ಮಾಡಾಕ ಹಾಕಿದ್ದು. ಮಗಗ ಗಡಿಯಾರದ ಲೆಕ್ಕ ನೆನಪು ಮಾಡ್ರಿ, ಎರಡು ತಾಸು ಮೂವತ್ತು ನಿಮಿಷನ ಅವ 2.3 ತಾಸು ಅಂತಾನೇನು? 60ಕ್ಕ ತಾಸು ಹೆಂಗೋ 40ಕ್ಕ ಎಕರೆ ಹಂಗ. 1-25ಕ್ಕ 1-25 ಕೂಡಿಸಿದ್ರ 2-50 ಅಲ್ಲ, 3-10. ಇದೊಂದು ಕೂಡೋ ಲೆಕ್ಕ ಅವನ ಕೈಲೆ ಮಾಡಸ್ರಿ, ವಾದ ಅಲ್ಲಿಗೆ ಮುಗಿತೈತಿ.

ನಿಮ್ಮ ಮಾವಾರು ಹೇಳೋದೂ ಸುಳ್ಳಲ್ಲ. ಸಿರುಗುಪ್ಪ ಇರೋ ಬಳ್ಳಾರಿ ಜಿಲ್ಲಾ 1953ರ ತನಕ ಮದ್ರಾಸಿಗೆ ಸೇರಿತ್ತು, ನಮ್ಮ ಕೊಪ್ಪಳ, ರಾಯಚೂರು ನಿಜಾಮನ ಕಡಿ ಇದ್ವು, ಹಂಗಾಗಿ ಬಳ್ಳಾರಿ ಸೀಮ್ಯಾಗ ಸೆಂಟಿನ ಲೆಕ್ಕ ಇನ್ನೂ ಬಾಯಾಗ ಐತಿ. ಸೆಂಟ್ ಅಂದ್ರ ಎಕರೆದಾಗ ನೂರರ ಒಂದು ಪಾಲು. ಅಲ್ಲಿ ಎರಡು ಎಕರೆ ಇಪ್ಪತ್ತು ಸೆಂಟ್ ಅಂದ್ರ ನಿಮ್ಮ ಮಗ ಅಂದಂಗ 2.2 ಎಕರೆನ ಆಗ್ತೈತಿ, ಗುಂಟೆ ಲೆಕ್ಕದಾಗ 2 ಎಕರೆ 8 ಗುಂಟೆ. ಎರಡೂವರಿ ಸೆಂಟಿಗೆ ಒಂದು ಗುಂಟೆ ಅಂತ ತಲ್ಯಾಗ ಇಟ್ಕೊಂಡ್ರ ಸಾಕು. ಇಪ್ಪತ್ತು ಅನ್ನೋ ಅದ ಅಂಕಿ, ಗುಂಟೆನೋ ಸೆಂಟೋ ಅನ್ನೋದ್ರ ಮ್ಯಾಲ 12 ಗುಂಟೆ ಫರಕ. ಒಂದು ಗುಂಟೆ ಅಂದ್ರ 33 ಅಡಿ ಉದ್ದ 33 ಅಡಿ ಅಗಲ, 1089 ಚದರ ಅಡಿ, 12 ಗುಂಟೆ ಅಂದ್ರ 13,068 ಚದರ ಅಡಿ! ಅಳತಿ ಬರಿಯೋವಾಗ ಅಂಕಿ ಮುಂದ ಮಾನ ಬರೀರಿ ಅಂತ ಸಾಲ್ಯಾಗ ನಾವು ಹಠ ಹಿಡಿಯೋದು ಇದಕ್ಕ. ಮಾನ ಬಿಟ್ಟದ್ದಕ್ಕ ಅರ್ಧ ಮಾರ್ಕ್ಸ್ ಹೋದ್ರ ಹುಡುಗ್ರು ಬ್ಯಾಸರ ಮಾಡ್ಕೋತಾರ, ಖರೇದಿ ಪತ್ರದಾಗ ಬಿಟ್ರ ಹೊಲದ ತುಂಡ ಹೋಗ್ತೈತಿ.

ಪ್ರಶ್ನೆ: ಸರ್, ನಾನು ಅತಿಥಿ ಶಿಕ್ಷಕಿ. ವೃತ್ತದ ಪಾಠ ಮಾಡುವಾಗ ತ್ರಿಜ್ಯ, ವ್ಯಾಸ, ಪರಿಧಿ, ಜ್ಯಾ, ಕಂಸ ಅಂತ ಬೋರ್ಡ್ ಮ್ಯಾಲ ಬರಿತೀನಿ, ಮಕ್ಕಳು ಬಾಯಿಪಾಠ ಮಾಡ್ತಾರ, ಮರುದಿನ ಮರೀತಾರ. ವ್ಯಾಸ ಅಂದ್ರ ಮಹಾಭಾರತದ ವ್ಯಾಸ ಅಂತಾರ, ಕಂಸ ಅಂದ್ರ ಕೃಷ್ಣನ ಸೋದರಮಾವ ಅಂತಾರ. ಇಷ್ಟು ಕಷ್ಟದ ಹೆಸರು ಯಾಕ ಇಟ್ಟಾರ? ಇಂಗ್ಲಿಷ್ ಶಬ್ದನ ಹೇಳಿಬಿಡ್ಲಾ?
ಲಿಂಗಸೂಗೂರು ಕಡೆಯ ಶಿಕ್ಷಕಿ

ಉತ್ತರ: ಮೇಡಂ, ನಿಮ್ಮ ಪತ್ರ ನಾ ಮೂರು ಸಲ ಓದೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಮಕ್ಕಳು ವ್ಯಾಸ ಅಂದ್ರ ಋಷಿ ಅಂದದ್ದು ತಪ್ಪಲ್ಲ, ಅದು ನಿಮಗ ಸಿಕ್ಕ ದಾರಿ. ವ್ಯಾಸ ಅನ್ನೋ ಶಬ್ದಕ್ಕ ಬ್ಯಾರೆ ಮಾಡೋದು, ಅಗಲಿಸೋದು, ಹರಡೋದು ಅಂತ ಅರ್ಥ. ವೇದನ ವಿಂಗಡ ಮಾಡ್ಯಾರಂತ ಆ ಋಷಿಗೆ ವ್ಯಾಸ ಅಂದ್ರು. ವೃತ್ತದಾಗ ಈ ದಂಡಿಯಿಂದ ಆ ದಂಡಿ ಮಟ, ನಡುಬಿಂದು ಹಾದು, ಹರಡಿಕೊಂಡು ಹೋಗೋ ಗೆರಿನೂ ವ್ಯಾಸ, ವೃತ್ತನ ಎರಡು ಸರಿಪಾಲು ಮಾಡೋದೂ ಅದ. ಇಷ್ಟು ಹೇಳಿದ್ರ ಯಾವ ಹುಡುಗನೂ ಮರಿಯಂಗಿಲ್ಲ.

ಜ್ಯಾ ಹೇಳೋ ದಿನ ಬೋರ್ಡು ಬಿಟ್ಟು ಹೊರಗ ಬರ್ರಿ. ಒಂದು ಬಗ್ಗೋ ಕಟಿಗಿ, ಒಂದು ಹುರಿ ತರಸಿ ಬಿಲ್ಲು ಕಟ್ರಿ. ಜ್ಯಾ ಅಂದ್ರ ಬಿಲ್ಲಿನ ಹೆದಿ. ಬಗ್ಗಿದ ಕಟಿಗಿನ ನಮ್ಮ ಪುಸ್ತಕ ಕಂಸ ಅನ್ನೋದು, ಹಳೇ ಗಣಿತದವ್ರು ಚಾಪ ಅಂದ್ರು, ಚಾಪ ಅಂದ್ರ ಬಿಲ್ಲ. ಹೆದಿಗೆ ಅಂಬು ಇಟ್ಟು ತೋರಸ್ರಿ, ಅಂಬು ಹೆದಿನ ನಡು ಮಧ್ಯದಾಗ ನೆಟ್ಟಗ ನಿಂತೈತೋ ಇಲ್ಲೋ, ಮುಂದ ಹೈಸ್ಕೂಲಿನಾಗ ಕೇಂದ್ರದಿಂದ ಜ್ಯಾಕ್ಕ ಎಳದ ಲಂಬ ಅದನ್ನ ಸಮಭಾಗ ಮಾಡ್ತೈತಿ ಅಂತ ಬರೋ ಪ್ರಮೇಯ ಇವತ್ತ ಅವ್ರ ಕೈಯಾಗ ಬಂದಂಗ ಆತು.

ತ್ರಿಜ್ಯದ, ಅಂದ್ರ ರೇಡಿಯಸ್ಸಿನ, ಕತಿ ಮಕ್ಕಳಿಗೆ ಬ್ಯಾಡ, ನಿಮಗ ಹೇಳ್ತೀನಿ. ಅದು ಮೂರು ಜ್ಯಾ ಅಲ್ಲ, ಮೂರು ರಾಶಿಯ ಜ್ಯಾ. ಪೂರ್ತಿ ವೃತ್ತಕ್ಕ ಹನ್ನೆರಡು ರಾಶಿ, ಒಂದೊಂದಕ್ಕ 30 ಅಂಶ, ಅಂದ್ರ ಡಿಗ್ರಿ. ಮೂರು ರಾಶಿ ಅಂದ್ರ 90, ಕಾಲು ವೃತ್ತ. ನಮ್ಮ ಜ್ಯೋತಿಷ ಗಣಿತದವ್ರು ಅರ್ಧ ಹೆದಿನ ಜ್ಯಾ ಅಂತ ಲೆಕ್ಕ ಹಿಡೀತಿದ್ರು, ಆ ಅರ್ಧ ಹೆದಿ 90 ಅಂಶಕ್ಕ ಬಂದಾಗ ಅದರ ಉದ್ದ ಕೇಂದ್ರದಿಂದ ದಂಡಿ ಮಟ ಇರೋ ಉದ್ದದಷ್ಟ ಆಗ್ತೈತಿ, ಅದಕ್ಕ ತ್ರಿಜ್ಯಾ ಅಂದ್ರು. ಇದ ಜ್ಯಾ ಜೀವಾ ಆಗಿ, ಅರಬ್ಬರ ಕಡಿ ಹೋಗಿ ಜೀಬ ಆಗಿ, ಅದನ್ನ ಜೈಬ್ ಅಂತ ಓದಿ ಲ್ಯಾಟಿನ್‌ಗೆ ಸೈನಸ್ ಅಂತ ತಿರುಗಿಸಿ, ಇವತ್ತು ಪಿಯು ಹುಡುಗ್ರು ಸೈನ್ ಥೀಟಾ ಅಂತ ಬರೀತಾರ. ಅಂದ್ರ ಇಂಗ್ಲಿಷ್ ಪುಸ್ತಕದಾಗ ಇರೋ ಸೈನ್ ನಮ್ಮ ಬಿಲ್ಲಿನ ಹೆದಿನ. ಅತ್ಲಾಗಿಂದ ಇತ್ಲಾಗೂ ಬಂದಾವು, ಕೇಂದ್ರ ಅನ್ನೋ ನಮ್ಮ ಶಬ್ದ ಗ್ರೀಕರ ಕೆಂಟ್ರಾನ್‌ದಿಂದ ಬಂದದ್ದು, ಸೆಂಟರ್ ಬಂದದ್ದೂ ಅಲ್ಲಿಂದನ. ಹಿಂಗಿರೋವಾಗ ಇದು ನಮ್ಮದು ಅದು ಅವ್ರದು ಅಂತ ಯಾಕ ಜಗಳ? ಎರಡೂ ಹೇಳ್ರಿ. ಆದ್ರ ಕಷ್ಟ ಅಂತ ಕನ್ನಡದ್ದು ಬಿಟ್ಟು ರೇಡಿಯಸ್ ಅಂದ್ರ, ಹಳ್ಳಿ ಹುಡುಗಗ ರೇಡಿಯಸ್ಸೂ ಅಷ್ಟ ಕಷ್ಟ, ಒಂದು ಗೊತ್ತಿಲ್ಲದ ಶಬ್ದ ತಗದು ಇನ್ನೊಂದು ಗೊತ್ತಿಲ್ಲದ್ದು ಇಟ್ಟಂಗ ಆತು.

ಇನ್ನೊಂದು ಮಾತು, ಇದು ನನ್ನ ಮನಸಿಗೆ ಭಾಳ ಹತ್ರದ್ದು. ನಮ್ಮ ಸೀಮಿ ಮಕ್ಕಳಿಗೆ ಗಣಿತ ಎಲ್ಲೋ ದೂರದಿಂದ ಬಂದದ್ದು ಅನ್ನಿಸ್ತೈತಿ. ಅವ್ರಿಗೆ ಹೇಳ್ರಿ, ಕಲಬುರಗಿ ಜಿಲ್ಲಾದ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲಕ್ಕ, 9ನೇ ಶತಮಾನದಾಗ, ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞ ಇದ್ದ, ಅವ ಆಕೃತಿಗಳ ಲೆಕ್ಕಕ್ಕ ಕ್ಷೇತ್ರಗಣಿತ ಅಂತ ಒಂದು ಅಧ್ಯಾಯ, ತೆಗ್ಗು ಅಗಿಯೋ ಲೆಕ್ಕಕ್ಕ ಖಾತ ಅಂತ ಇನ್ನೊಂದು ಅಧ್ಯಾಯ ಬರದಾನ. ಕ್ಷೇತ್ರ ಅಂದ್ರ ಹೊಲ! ಹೊಲ ಅಳಿಯೋದರಿಂದ ವಿಸ್ತೀರ್ಣ, ಬಾವಿ ಅಗಿಯೋದರಿಂದ ಘನಫಲ. 12ನೇ ಶತಮಾನದಾಗ ರಾಜಾದಿತ್ಯ ಇದನ್ನೆಲ್ಲ ಕನ್ನಡದಾಗನ ಬರದ. ಇಂಗ್ಲಿಷಿನ ಜಿಯೋಮೆಟ್ರಿಗೂ ಭೂಮಿ ಅಳತಿ ಅಂತನ ಅರ್ಥ. ಹೊಲ ಅಳದು, ಬಾವಿ ಅಗದು, ಬದುವು ಹಾಕಿ ಬದುಕಿದವ್ರ ಮಕ್ಕಳು ನಿಮ್ಮ ಕ್ಲಾಸಿನಾಗ ಕುಂತಾರ, ಈ ವಿದ್ಯಾ ಅವ್ರ ಮನಿದ.

ಲಂಬ ಹೇಳೋವಾಗ ಗೌಂಡಿ ಇಳಿಬಿಡೋ ತೂಗುಗುಂಡು ತೋರಸ್ರಿ, ಲಂಬ ಅಂದ್ರ ಜೋತು ಬೀಳೋದು. ಮೂಲಿ ಸರಿ ಐತೋ ಇಲ್ಲೋ ನೋಡಾಕ ಅವ್ರು ಒಂದು ಗೋಡಿಗುಂಟ 3 ಅಡಿ, ಇನ್ನೊಂದರ ಗುಂಟ 4 ಅಡಿ ಗುರುತು ಮಾಡಿ, ಅಡ್ಡ ದಾರ ಹಿಡದು 5 ಅಡಿ ಬಂದ್ರ ಕಾಯಂ ಅಂತಾರ. ಪೈಥಾಗೊರಸ್ ಹೆಸರು ಆಮ್ಯಾಲ ಹೇಳಿದ್ರೂ ನಡೀತೈತಿ. ಪರಿಧಿಗೆ ಊಟದ ತಾಟು ತೊಗೊಳ್ರಿ, ದಾರ ಸುತ್ತಿ ಅಳೀರಿ, ವ್ಯಾಸದ ಮೂರು ಪಟ್ಟು ಆಗಿ ಇನ್ನೂ ಒಂಚೂರು ಉಳಿತೈತಿ, ತಾಟು ಬದಲಿ ಮಾಡಿದ್ರೂ ಅದರ ವ್ಯಾಸದ ಅಷ್ಟ ಪಾಲು ಉಳಿತೈತಿ. ಆ ಒಂಚೂರು ಸುಮಾರು ವ್ಯಾಸದ ಏಳರಾಗ ಒಂದು ಪಾಲು, ಅದಕ್ಕ 22/7. ರೊಟ್ಟಿ ಲೆಕ್ಕನೂ ಕೊಡ್ರಿ, ಅಂಗೈ ಅಗಲದ ರೊಟ್ಟಿಗೂ ಅದರ ಎರಡು ಪಟ್ಟು ಅಗಲ ತಟ್ಟಿದ ರೊಟ್ಟಿಗೂ, ದಪ್ಪ ಒಂದ ಇದ್ರ, ಹಿಟ್ಟು ಎರಡು ಪಟ್ಟಲ್ಲ, ನಾಕು ಪಟ್ಟು ಬೇಕು. ಹೆಣ್ಮಕ್ಕಳು ಇದಕ್ಕ ಗಂಡು ಹುಡುಗ್ರಿಗಿಂತ ಮೊದ್ಲ ಉತ್ತರ ಹೇಳ್ತಾರ, ನಾ ನೋಡೀನಿ.

ಪ್ರಶ್ನೆ: ಅಜ್ಜಾರ, ನಾನು ಆರನೇ ಕ್ಲಾಸ್. ಟೆಸ್ಟ್‌ನಲ್ಲಿ ಚೌಕ ಒಂದು ಆಯತ ಹೌದೋ ಅಲ್ಲೋ ಅಂತ ಕೊಟ್ಟಿದ್ರು, ನಾನು ಹೌದು ಅಂತ ಬರದೆ, ತಪ್ಪು ಹಾಕಿದ್ರು. ಚೌಕ ಬೇರೆ ಆಯತ ಬೇರೆ ಅಂದ್ರು. ನಂದು ತಪ್ಪಾ?
ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ನಿಂದು ತಪ್ಪಲ್ಲವ್ವ, ನೀ ಬರದದ್ದ ಸರಿ. ಆಯತ ಅನ್ನಿಸ್ಕೊಳ್ಳಾಕ ಬೇಕಾದ್ದು ಒಂದ, ನಾಕು ಬಾಹು ಇರೋ ಆಕೃತಿಯಾಗ ನಾಕೂ ಕೋನ ಲಂಬಕೋನ ಇರಬೇಕು. ಉದ್ದ ಅಗಲ ಬ್ಯಾರೆ ಇರಲೇಬೇಕು ಅಂತ ಎಲ್ಲೂ ಇಲ್ಲ. ಚೌಕಕ್ಕ ಆ ನಾಕು ಲಂಬಕೋನ ಅದಾವ, ಮ್ಯಾಲ ನಾಕೂ ಬಾಹು ಸಮ ಅನ್ನೋದೊಂದು ಜಾಸ್ತಿ ಐತಿ. ಗಂಗಾವತಿಯವ್ರೆಲ್ಲ ಕೊಪ್ಪಳ ಜಿಲ್ಲಾದವ್ರು, ಕೊಪ್ಪಳ ಜಿಲ್ಲಾದವ್ರೆಲ್ಲ ಗಂಗಾವತಿಯವ್ರಲ್ಲ, ಹಂಗ ಚೌಕ ಎಲ್ಲಾ ಆಯತ, ಆಯತ ಎಲ್ಲಾ ಚೌಕ ಅಲ್ಲ. ಇನ್ನೊಂದು ನೋಡು, ಚೌಕದ ಕಾಗದನ ಮೂಲಿ ಮ್ಯಾಲ ನಿಲ್ಲಿಸಿದ್ರ ಎಲ್ಲಾರೂ ಈಗ ಇದು ವಜ್ರಾಕೃತಿ ಆತು ಅಂತಾರ. ತಿರುಗಿಸಿದ್ರ ಆಕೃತಿ ಬದಲಿ ಆಗೂದಿಲ್ಲ, ಅದು ಮೊದಲೂ ಚೌಕನ, ಈಗೂ ಚೌಕನ, ನಾಕು ಬಾಹು ಸಮ ಇರೋದಕ್ಕ ಅದು ಯಾವತ್ತೂ ವಜ್ರಾಕೃತಿನೂ ಹೌದು. ನಿಮ್ಮ ಟೀಚರಿಗೆ ವ್ಯಾಖ್ಯೆ ಇರೋ ಪುಟ ತೋರಿಸಿ, ಮೆಲ್ಲಕ ಕೇಳು. ಎದುರು ಮಾತಾಡಿದೆ ಅಂತ ಹೆದರಬ್ಯಾಡ, ವ್ಯಾಖ್ಯೆ ಓದಿ ಪ್ರಶ್ನೆ ಕೇಳೋ ಹುಡುಗಿ ಸಿಕ್ರ ಒಳ್ಳೆ ಟೀಚರು ಖುಷಿನ ಪಡ್ತಾರ.

ಪ್ರಶ್ನೆ: ಡ್ಯಾಮ್ ಸುದ್ದಿ ಬಂದಾಗೆಲ್ಲ ಟಿಎಂಸಿ, ಕ್ಯೂಸೆಕ್, 1633 ಅಡಿ ಅಂತಾರೆ. ಮಗಳು ಮೂರಕ್ಕೂ ಅರ್ಥ ಕೇಳ್ತಾಳೆ. ಡ್ಯಾಮ್ 1633 ಅಡಿ ಆಳ ಐತಾ ಅಂದ್ಳು, ನನಗೂ ಗೊತ್ತಾಗ್ಲಿಲ್ಲ.
ಓದುಗರು, ಬಳ್ಳಾರಿ

ಉತ್ತರ: ಆಳ ಅಲ್ಲ. ಸಮುದ್ರ ಮಟ್ಟದಿಂದ ನೀರಿನ ಮೇಲ್ಮೈ ಎಷ್ಟು ಎತ್ತರಕ್ಕ ಐತಿ ಅನ್ನೋದು ಅದು, ತುಂಗಭದ್ರಾ ತುಂಬಿದಾಗ 1633 ಅಡಿ. ಅಳತಿ ಎಲ್ಲಿಂದ ಸುರು ಅಂತ ಕೇಳದ ಎತ್ತರ ಅನ್ನೋ ಶಬ್ದಕ್ಕ ಅರ್ಥನ ಇಲ್ಲ, ನಿಮ್ಮ ಮಗಳು ಕೇಳಿದ್ದು ಭಾಳ ಚಲೋ ಪ್ರಶ್ನಿ.

ಟಿಎಂಸಿ ಘನಫಲದ ಮಾನ, ಒಂದು ಟಿಎಂಸಿ ಅಂದ್ರ 100 ಕೋಟಿ ಘನ ಅಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿ ತೊಗೊಂಡ್ರ ಅದರಾಗ 28 ಲೀಟರ್ ಮ್ಯಾಲ ನೀರು ಹಿಡೀತೈತಿ, ಅಂಥ ನೂರು ಕೋಟಿ ಡಬ್ಬಿ. ಕ್ಯೂಸೆಕ್ ನೀರು ಎಷ್ಟು ಐತಿ ಅಂತ ಹೇಳಂಗಿಲ್ಲ, ಎಷ್ಟು ಜೋರು ಹರೀತೈತಿ ಅಂತ ಹೇಳ್ತೈತಿ, ಒಂದು ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕ 86,400 ಸೆಕೆಂಡು, ಹಂಗಾಗಿ ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರದ್ರ ಒಂದು ಟಿಎಂಸಿ. ಇವತ್ತಿನ ಪೇಪರಿನಾಗ ಒಳಹರಿವು ನೋಡಿ ಎಷ್ಟು ಟಿಎಂಸಿ ಕೂಡ್ತು ಅಂತ ಮಗಳ ಕೈಲೆ ಭಾಗಾಕಾರ ಮಾಡಸ್ರಿ. ನಮ್ಮ ಡ್ಯಾಮು ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ 105.788. ಆಣೆಕಟ್ಟಿ ಎತ್ತರ ಅಷ್ಟ ಐತಿ, ತಳ ಮ್ಯಾಲ ಬಂತು, ಘನಫಲ ಕಡಿಮಿ ಆತು. 33 ಕ್ರಸ್ಟ್ ಗೇಟು ಅದಾವ, 2024ರ ಆಗಸ್ಟ್‌ದಾಗ 19ನೇದು ಚೈನ್ ಕಡದು ಕೊಚ್ಚಿ ಹೋತಲ್ಲ, ಆ ಗೇಟಿನ ಅಳತಿ 60 ಅಡಿ 20 ಅಡಿ. ಮ್ಯಾಲ ಸಿಂಧನೂರಿನ ತಾಯಿಗೆ ಹೇಳಿದ 20-60 ಸೈಟಿನಷ್ಟ, 1200 ಚದರ ಅಡಿ. ಅಷ್ಟು ದೊಡ್ಡ ಬಾಗಲದಿಂದ ನೀರು ಹ್ಯಾಂಗ ನುಗ್ಗಿರಬೇಕು ಅಂತ ಮಗಳಿಗೆ ಈಗ ಕಣ್ಣಿಗೆ ಕಟ್ಟೀತು.

ಪ್ರಶ್ನೆ: ನಮ್ಮದು ಮಂಡಾಳ (ಮಂಡಕ್ಕಿ), ಶೇಂಗಾದ ಅಂಗಡಿ. ಸೇರಿನಾಗ ಅಳದು ಕೊಡ್ತೀವಿ. ಸೇರು ತೂಕನೋ ಗಾತ್ರನೋ ಅಂತ ಮಗ ಕೇಳ್ಯಾನ.
ಅಂಗಡಿಯವರು, ಮಾನ್ವಿ

ಉತ್ತರ: ಹಿಂದಕ ಎರಡೂ ಇದ್ವು. ತೂಕದ ಸೇರಿಗೆ 80 ತೊಲಿ, ಈಗಿನ ಲೆಕ್ಕಕ್ಕ 933 ಗ್ರಾಂ. 1956ರ ಕಾಯ್ದೆ ಬಂದ ಮ್ಯಾಲ ಅದು ಹೋಗಿ ಕಿಲೋ ಬಂತು. ನಿಮ್ಮ ಅಂಗಡ್ಯಾಗ ಇರೋದು ಅಳತಿ ಸೇರು, ಅದು ಗಾತ್ರ. ಮಗನ ಕೈಯಾಗ ಒಂದು ಸೇರು ಮಂಡಾಳ, ಒಂದು ಸೇರು ಶೇಂಗಾ ಕೊಟ್ಟು ತಕ್ಕಡ್ಯಾಗ ಇಡು ಅನ್ರಿ. ಮಂಡಾಳ ಎಷ್ಟು ಸೇರು ಹಾಕಿದ್ರ ಶೇಂಗಾದ ತಟ್ಟಿ ಮ್ಯಾಲ ಏಳ್ತೈತಿ ಅಂತ ಅವನ ಎಣಸ್ಲಿ, ಎಣಿಸಿದ್ದನ್ನ ನನಗ ಬರದು ಕಳಸ್ಲಿ.